ಮೇಕೆಗೆಂದು ತಿರುಗಿ ಹೋದವನು

ಕಫ್ರ್ ಲೌಝ್
ಸೆಪ್ಟೆಂಬರ್ 12, 2006

ಬೈರೂತಿನಲ್ಲಿ ಕೂತು ಲೋಕಕ್ಕೆ ಬುದ್ಧಿ ಹೇಳುವ ನನ್ನ ತಮ್ಮ ಮುನೀಫನಿಗೆ,

ಬದುಕಿದ್ದೇನೆ. ಮೊದಲು ಅದನ್ನು ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀನು ನೇರ ಕೊನೆಯ ಸಾಲಿಗೆ ಹಾರುತ್ತೀಯ. ಯುದ್ಧ ನಿಂತ ಮರುದಿನವೇ ಊರಿಗೆ ಬಂದೆವು. ಅಡುಗೆಮನೆಗೆ ಚಾವಣಿ ಇಲ್ಲ. ಮಿಕ್ಕ ಎರಡು ಕೋಣೆ ನಿಂತಿವೆ, ಕಿಟಕಿಗೆ ಗಾಜಿನ ಬದಲು ಪ್ಲಾಸ್ಟಿಕ್ ಹೊಡೆದಿದ್ದೇನೆ. ಟೆಲಿಫೋನ್ ಕಂಬಗಳು ನೆಲಕ್ಕೆ ಬಿದ್ದಿವೆ. ಮೊಬೈಲಿಗೆ ಗುಡ್ಡ ಹತ್ತಬೇಕು, ನನ್ನ ಮಂಡಿ ಗುಡ್ಡ ಹತ್ತುವುದಿಲ್ಲ. ಹಾಗಾಗಿ ಈ ಕಾಗದ ಅಬು ಶಾಕಿರನ ಟ್ಯಾಕ್ಸಿಯಲ್ಲಿ ಬರುತ್ತದೆ, ಉತ್ತರವನ್ನೂ ಅವನ ಕೈಗೇ ಕೊಡು.

ನಿನ್ನ ಅಂಕಣ ತಪ್ಪಿಸಿಲ್ಲ. ಪತ್ರಿಕೆ ಮಧ್ಯಾಹ್ನದ ಹೊತ್ತಿಗೆ ಹಾತಿಮನ ದಿನಸಿ ಅಂಗಡಿಗೆ ಬರುತ್ತದೆ. ನಿವೃತ್ತರಾದ ನಮ್ಮ ಮೇಷ್ಟ್ರು ಗಟ್ಟಿಯಾಗಿ ಓದುತ್ತಾರೆ, ಅಕ್ಷರ ಬಾರದವರೂ ನಿಂತು ಕೇಳುತ್ತಾರೆ. ಎಲ್ಲ ಚೆನ್ನಾಗಿದೆ. ಆದರೆ ಒಂದು ಮಾತು ಕೇಳುತ್ತೇನೆ, ಮುಖ ಊದಿಸಿಕೊಳ್ಳಬೇಡ. ವಾರಕ್ಕೆ ಮೂರು ಸಲ ನಿನಗೆ ಒಬ್ಬ ಟ್ಯಾಕ್ಸಿ ಚಾಲಕ ಸಿಗುತ್ತಾನಲ್ಲ, ಅಮೆರಿಕದ ನೀತಿ, ಇರಾನಿನ ಆಟ, ಅರಬ್ ದೊರೆಗಳ ಮೌನ ಎಲ್ಲವನ್ನೂ ಎರಡೇ ವಾಕ್ಯದಲ್ಲಿ ಹೇಳಿ ನಿನ್ನನ್ನು ಇಳಿಸಿ ಹೋಗುವವನು, ಅವನು ಎಲ್ಲಿ ಸಿಗುತ್ತಾನೆ? ನಾನು ಅಬು ಶಾಕಿರನ ಟ್ಯಾಕ್ಸಿಯಲ್ಲಿ ಮೂವತ್ತು ವರ್ಷದಿಂದ ಓಡಾಡುತ್ತಿದ್ದೇನೆ, ಟೈರಿನ ಬೆಲೆ ಬಿಟ್ಟು ಅವನ ಬಾಯಿಂದ ಬೇರೆ ಮಾತು ಬಂದದ್ದಿಲ್ಲ.

ಇನ್ನು ಕೆಟ್ಟ ಸುದ್ದಿ. ನಝೀರೆಯ ಮಗ ಜವಾದ್ ಹೋದ. ನೀನು ಹುಟ್ಟಿದಾಗ ಅಮ್ಮ ಕಾಯಿಲೆ ಬಿದ್ದಿದ್ದಳು, ನಝೀರೆಯ ತಾಯಿ ಹಾಲು ಕೊಟ್ಟು ನಿನ್ನನ್ನು ಉಳಿಸಿದಳು. ಆ ಹಾಲಿನ ಸಂಬಂಧದಲ್ಲಿ ನಝೀರೆಯೂ ನಿನಗೆ ಅಕ್ಕ, ಜವಾದ್ ನಿನ್ನ ಸೋದರಳಿಯ. ಮೂವತ್ತೊಂದು ವರ್ಷದ ಹುಡುಗ, ಶಾಲೆಯ ವ್ಯಾನ್ ಓಡಿಸುತ್ತಿದ್ದ. ಯುದ್ಧದ ಐದನೇ ದಿನ ಅದೇ ವ್ಯಾನಿನಲ್ಲಿ ನಮ್ಮನ್ನೆಲ್ಲ ತುಂಬಿಕೊಂಡು ನದಿಯಾಚೆಯ ಪಟ್ಟಣದ ಶಾಲೆಗೆ ತಂದಿಳಿಸಿದ. ಆಮೇಲೆ ಒಬ್ಬನೇ ತಿರುಗಿ ಊರಿಗೆ ಹೊರಟ. ದಾರಿಯಲ್ಲಿ ವ್ಯಾನಿನ ಮೇಲೆ ಬಾಂಬ್ ಬಿತ್ತು.

ಅವನ ಚಿತ್ರವನ್ನು ಊರೆಲ್ಲ ಅಂಟಿಸಿದ್ದಾರೆ. ಊರು ಬಿಡಲಾಗದೆ ಉಳಿದ ಮುದುಕರಿಗೆ ರೊಟ್ಟಿ ಒಯ್ಯುವಾಗ ಸತ್ತ ಎಂದು ನಝೀರೆ ಎಲ್ಲರಿಗೂ ಹೇಳುತ್ತಾಳೆ, ಚಿತ್ರದ ಕೆಳಗೂ ಹಾಗೇ ಬರೆದಿದೆ. ನಿನ್ನೊಬ್ಬನಿಗೆ ಹೇಳುತ್ತೇನೆ. ರೊಟ್ಟಿ ಇರಲಿಲ್ಲ, ಮುನೀಫ್. ನಾನು ಅಲ್ಲೇ ಇದ್ದೆ. ಬಾಗಿಲಲ್ಲಿದ್ದ ಹೆಂಗಸರಿಗೆಲ್ಲ ಗೊತ್ತು, ನಝೀರೆಯ ಮುಖ ನೋಡಿ ಯಾರೂ ಬಾಯಿ ಬಿಡುವುದಿಲ್ಲ. ಅವನು ಮನೆಯಲ್ಲಿ ಕಟ್ಟಿಹಾಕಿ ಬಂದ ಒಂದು ಮೇಕೆಗೆಂದು ಹೋದ. ಇದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಕಷ್ಟವಾಗುತ್ತಿದೆ, ಅದಕ್ಕೇ ಬರೆದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಸಿಗರೇಟು ಕಡಿಮೆ ಮಾಡಿದ್ದೇನೆಂದು ಸುಳ್ಳು ಬರೆಯಬೇಡ.

ನಿನ್ನ ಅಕ್ಕ
ರಬಾಬ್


ಬೈರೂತ್
ಸೆಪ್ಟೆಂಬರ್ 26, 2006

ನನ್ನ ಅಕ್ಕನಿಗೆ,

ಸಿಗರೇಟು ಕಡಿಮೆ ಮಾಡಿಲ್ಲ. ಉಪವಾಸದ ತಿಂಗಳಲ್ಲಾದರೂ ಹಗಲು ಬಿಟ್ಟಿದ್ದೇನೆ, ಅಷ್ಟಕ್ಕೆ ಸಮಾಧಾನಪಟ್ಟುಕೋ.

ಕಿಟಕಿಗೆ ಗಾಜು ಕಳಿಸಿದ್ದೇನೆ, ಅಬು ಶಾಕಿರ್ ಕಂಬಳಿ ಸುತ್ತಿ ತರುತ್ತಾನೆ. ಕಾಗದ ಕೊಡುವಾಗ ಅವನ ಬಾಯಿ ಬಿಡಿಸಲು ನೋಡಿದೆ. ಈ ಯುದ್ಧದಲ್ಲಿ ಗೆದ್ದವರು ಯಾರು ಅಂತೀಯ ಎಂದು ಕೇಳಿದೆ. ಅವನು ಸ್ವಲ್ಪ ಯೋಚಿಸಿ, ಮುರಿದ ಸೇತುವೆ ಬಳಸಿ ಬರುವುದರಿಂದ ಹಿಂದಿನ ಎರಡು ಟೈರು ಸವೆದುಹೋದವು ಎಂದ. ನೀನು ಗೆದ್ದೆ. ಮಾನ ಬಿಟ್ಟು ಒಪ್ಪಿಕೊಳ್ಳುತ್ತೇನೆ, ನನ್ನ ಚಾಲಕರೆಲ್ಲ ನನ್ನ ಮೇಜಿನ ಮೇಲೇ ಹುಟ್ಟಿದವರು. ಈ ಕಸುಬಿನಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ. ನಾವು ಹೇಳಿದರೆ ಜನ ನಂಬುವುದಿಲ್ಲ, ಚಾಲಕನೋ ಹಳ್ಳಿಯ ಮುದುಕಿಯೋ ಹೇಳಿದರೆ ನಂಬುತ್ತಾರೆ.

ಜವಾದನ ಸುದ್ದಿ ಓದಿ ಆ ದಿನ ಏನೂ ಬರೆಯಲಾಗಲಿಲ್ಲ. ನಾನು ಅವನನ್ನು ಕೊನೆಗೆ ನೋಡಿದ್ದು ಅಪ್ಪ ಸತ್ತಾಗ, ಹನ್ನೊಂದು ವರ್ಷವಾಯಿತು. ಶವದ ಹಿಂದೆ ನಡೆಯುವಾಗ ನನ್ನ ಕೈಹಿಡಿದು, ಮಾವ, ಕಲ್ಲು ಜಾಸ್ತಿ ಇದೆ, ನೋಡಿ ನಡೀರಿ ಎಂದಿದ್ದ. ನಗರಕ್ಕೆ ಹೋಗಿ ನನಗೆ ನಡೆಯುವುದೇ ಮರೆತಿದೆ ಎಂದುಕೊಂಡಿದ್ದನೋ ಏನೋ.

ಅಂದು ವ್ಯಾನಿನಲ್ಲಿ ಏನಾಯಿತು ಎಂದು ಬಿಡಿಸಿ ಬರೆ. ಸುಮ್ಮನೆ ಕೇಳುತ್ತಿದ್ದೇನೆ. ನಿನ್ನ ಕಾಗದ ನನ್ನ ಅಂಕಣಕ್ಕಿಂತ ಚೆನ್ನಾಗಿರುತ್ತದೆ, ಅದೊಂದು ಹೊಟ್ಟೆಯುರಿ ಚಿಕ್ಕಂದಿನಿಂದಲೂ ಇದೆ.

ನಿನ್ನವನೇ ಆದ
ಮುನೀಫ್


ಕಫ್ರ್ ಲೌಝ್
ಅಕ್ಟೋಬರ್ 7, 2006

ಮುನೀಫ್,

ಒಂದು ಗಾಜು ಒಡೆದಿತ್ತು, ಮೂರು ಉಳಿದಿವೆ. ಈಗ ಮನೆಯೊಳಗೆ ಬೆಳಕು ಎಷ್ಟು ಬರುತ್ತದೆಂದರೆ ಧೂಳೆಲ್ಲ ಕಾಣುತ್ತದೆ.

ಆಲಿವ್ ಕೊಯ್ಲು ಹತ್ತಿರ ಬಂತು. ತೋಟದೊಳಗೆ ಹೋಗುವ ಹಾಗಿಲ್ಲ. ಮರದ ಬುಡದಲ್ಲಿ, ಕೊಂಬೆಯಲ್ಲಿ ಸಿಡಿಯದ ಸಣ್ಣ ಬಾಂಬುಗಳು ಬಿದ್ದಿವೆ, ಸೈನಿಕರು ಕೆಂಪು ಪಟ್ಟಿ ಕಟ್ಟಿ ಹೋಗಿದ್ದಾರೆ. ಮನೆ ಹಿಂದಿನ ಎರಡೇ ಮರದ ಕಾಯನ್ನು ನಾನೂ ನಝೀರೆಯೂ ಕೀಳುತ್ತೇವೆ. ಸಂಜೆ ಉಪವಾಸ ಬಿಡುವುದೂ ಒಟ್ಟಿಗೇ, ಅವಳ ಮನೆಯಲ್ಲಿ ಬೇಳೆ ಸಾರು, ನನ್ನ ಮನೆಯಿಂದ ಈರುಳ್ಳಿ, ಉಪ್ಪಿನಕಾಯಿ. ಅವಳು ಎರಡು ತುತ್ತು ತಿನ್ನುತ್ತಾಳೆ, ಸಾಕು ಅನ್ನುತ್ತಾಳೆ. ಊರೆಲ್ಲ ಅವಳನ್ನು ಜವಾದನ ತಾಯಿ ಎಂದೇ ಕರೆಯುವುದಲ್ಲವೇ. ಪ್ರತಿ ಸಲ ಯಾರಾದರೂ ಹಾಗೆ ಕರೆದಾಗ ಅವಳು ತಿರುಗಿ ನೋಡುವ ರೀತಿ ನನಗೆ ಸಹಿಸಲಾಗುವುದಿಲ್ಲ. ನಾನು ಮಾತ್ರ ನಝೀರೆ ಎನ್ನುತ್ತೇನೆ.

ಆ ದಿನದ್ದು ಕೇಳಿದೆಯಲ್ಲ. ಹನ್ನೆರಡು ಜನರ ವ್ಯಾನಿನಲ್ಲಿ ಇಪ್ಪತ್ತಮೂರು ಜನ ಇದ್ದೆವು. ನನಗೆ ಜಾಗ ಇರಲಿಲ್ಲ. ನಝೀರೆ ತನ್ನ ಗಂಟುಮೂಟೆಯನ್ನು ಕೆಳಗೆಸೆದು ಆ ಜಾಗದಲ್ಲಿ ನನ್ನನ್ನು ಎಳೆದು ಕೂರಿಸಿದಳು. ದಾರಿಯುದ್ದಕ್ಕೂ ಜವಾದ್ ಮಕ್ಕಳ ಕೈಲಿ ಮಗ್ಗಿ ಹೇಳಿಸುತ್ತಿದ್ದ, ಸದ್ದು ಕೇಳಿದರೆ ಇನ್ನೂ ಗಟ್ಟಿಯಾಗಿ ಹೇಳಿ ಎನ್ನುತ್ತಿದ್ದ. ಶಾಲೆ ಮುಟ್ಟಿ, ಎಲ್ಲರಿಗೂ ತಿನ್ನಲು ಹಂಚಿದ ಮೇಲೆ, ನಝೀರೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಏನೋ ಮಾತಾಡಿದ. ಎದ್ದು ಹೊರಟ. ಬಾಗಿಲಲ್ಲಿ ನಾವೆಲ್ಲ, ಎಲ್ಲಿಗೆ ಹೊರಟೆಯೋ ಎಂದೆವು. ಮೇಕೆ ಕಟ್ಟಿಹಾಕಿ ಬಂದಿದ್ದೇನೆ, ಪಾಪ ಬಾಯಾರಿ ಸಾಯುತ್ತೆ, ಅರ್ಧ ಗಂಟೆ ಎಂದು ನಕ್ಕ. ಒಬ್ಬರೂ ತಡೆಯಲಿಲ್ಲ. ನಾನೂ ತಡೆಯಲಿಲ್ಲ.

ಇಷ್ಟೇ ನಡೆದದ್ದು.

ರಬಾಬ್


ಬೈರೂತ್
ಅಕ್ಟೋಬರ್ 19, 2006

ಅಕ್ಕ,

ಅವಸರದಲ್ಲಿದ್ದೇನೆ, ಅಬು ಶಾಕಿರ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಶನಿವಾರದ ಪತ್ರಿಕೆ ತಪ್ಪದೆ ನೋಡು. ಈ ಸಲ ಟ್ಯಾಕ್ಸಿ ಚಾಲಕ ಇಲ್ಲ. ನಿನ್ನ ಮಾತು ಚುಚ್ಚಿತ್ತು ಕಣೇ, ಮೂವತ್ತು ವರ್ಷ ಹುಟ್ಟಿಸಿದ ಜನರನ್ನೇ ಬರೆದೆನಲ್ಲ ಅನ್ನಿಸಿತು. ಈ ಸಲ ನಿಜದವನೊಬ್ಬನನ್ನು ಬರೆದಿದ್ದೇನೆ. ಹೆಸರಿಲ್ಲ, ಊರಿಲ್ಲ, ಹೆದರಬೇಡ. ಸಂಪಾದಕರು ಓದಿ ಕನ್ನಡಕ ತೆಗೆದು ಒರೆಸಿಕೊಂಡರು, ಅವರು ಅಷ್ಟು ಸುಲಭದ ಮನುಷ್ಯನಲ್ಲ.

ಹಬ್ಬದ ಶುಭಾಶಯ ನಿನಗೂ ನಝೀರಕ್ಕನಿಗೂ.

ಮುನೀಫ್


ಕಫ್ರ್ ಲೌಝ್
ಅಕ್ಟೋಬರ್ 28, 2006

ಮುನೀಫನಿಗೆ,

ಹೋದ ಶನಿವಾರ ನಝೀರೆ ಹಬ್ಬದ ಸಿಹಿಗೆಂದು ರವೆ ತರಲು ಹಾತಿಮನ ಅಂಗಡಿಗೆ ಹೋಗಿದ್ದಳು. ನಾನೂ ಇದ್ದೆ. ಮೇಷ್ಟ್ರು ನಿನ್ನ ಅಂಕಣ ಓದಲು ಶುರುಮಾಡಿದರು. ಗೆದ್ದೆವು ಎನ್ನುವ ದೊಡ್ಡವರಿಗೂ ಸೋತೆವು ಎನ್ನುವ ದೊಡ್ಡವರಿಗೂ ಒಬ್ಬ ಶಾಲಾ ವ್ಯಾನಿನ ಚಾಲಕನ ಕಥೆ ಹೇಳಬೇಕಾಗಿದೆ, ಅವನು ಯಾವ ಬಾವುಟಕ್ಕೂ ಸಾಯಲಿಲ್ಲ, ಒಂದು ಮೇಕೆಗೆಂದು ತಿರುಗಿ ಹೋಗಿ ಸತ್ತ ಎಂದು ನೀನು ಬರೆದ ಸಾಲು ಮೇಷ್ಟ್ರ ಬಾಯಿಂದ ಹೊರಬಿದ್ದ ಮೇಲೆ ಅದು ಯಾರ ಕಥೆಯೆಂದು ಅವರಿಗೇ ಅರ್ಥವಾಯಿತು. ನಿಲ್ಲಿಸಿದರು. ಇಪ್ಪತ್ತಮೂರು ಜನ, ಮಗ್ಗಿ ಹೇಳುವ ಮಕ್ಕಳು, ಎಲ್ಲ ಬರೆದಮೇಲೆ ಊರಿನ ಹೆಸರು ಯಾಕೆ ಬೇಕು? ಆಮೇಲೆ ಹಿಂದೆ ನಿಂತಿದ್ದ ಯಾರೋ ಒಬ್ಬ, ಚಿಕ್ಕ ಹುಡುಗನಲ್ಲ, ದೊಡ್ಡವನೇ, ಮೇಕೆಯ ಹಾಗೆ ಕೂಗಿದ.

ನಝೀರೆ ರವೆಯನ್ನು ಅಲ್ಲೇ ಇಟ್ಟು ಹೋದಳು.

ಹಬ್ಬದ ಬೆಳಿಗ್ಗೆ ಜವಾದನ ಸಮಾಧಿಯ ಹತ್ತಿರ ಹೋದೆ. ನಾನು ಬಂದದ್ದು ನೋಡಿ ಅವಳು ಎದ್ದಳು. ಹೋಗುವ ಮೊದಲು ಒಂದೇ ಮಾತು ಆಡಿದಳು.

"ಆ ವ್ಯಾನಲ್ಲಿ ನಿನಗೆ ಜಾಗ ಮಾಡ್ಕೊಟ್ಟೋಳು ನಾನು, ರಬಾಬ್."

ಐವತ್ತೈದು ವರ್ಷದ ಸ್ನೇಹ ನಮ್ಮದು. ಒಂದೇ ಅಚ್ಚಿನಲ್ಲಿ ಹಬ್ಬದ ಸಿಹಿ ಒತ್ತುತ್ತಿದ್ದೆವು, ಅಚ್ಚು ಅವಳ ಮನೆಯಲ್ಲೇ ಇದೆ. ಈ ಸಲ ನನ್ನ ಮನೆಯಲ್ಲಿ ಸಿಹಿ ಇಲ್ಲ. ನೀನು ನಿಜದವನನ್ನು ಬರೆದೆ ಎಂದು ಹಿಗ್ಗಿದೆಯಲ್ಲ. ನಾನು ನಿನಗೆ ಬರೆದದ್ದು ಅಕ್ಕ ಎಂದು, ಮೂಲೆಯಲ್ಲಿ ಸಿಕ್ಕ ಹಳ್ಳಿಯ ಮುದುಕಿ ಎಂದಲ್ಲ.

ರಬಾಬ್


ಬೈರೂತ್
ನವೆಂಬರ್ 5, 2006

ಅಕ್ಕ,

ತಪ್ಪಾಯಿತು. ನಾಲ್ಕು ಸಲ ಬರೆದು ಹರಿದೆ, ಕೊನೆಗೆ ಉಳಿದದ್ದು ಈ ಒಂದು ಪದ.

ನಾನು ಅವನನ್ನು ಕೀಳು ಮಾಡಲು ಬರೆಯಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಬಾಂಬು ಬೀಳುವಾಗ ಒಂದು ಪ್ರಾಣಿಯ ಬಾಯಾರಿಕೆ ನೆನೆದವನು ನಮ್ಮ ಎಲ್ಲ ನಾಯಕರಿಗಿಂತ ದೊಡ್ಡವನು ಎಂದು ಬರೆದಿದ್ದೆ. ಕೊನೆಯ ಪ್ಯಾರಾದಲ್ಲಿತ್ತು. ಮೇಷ್ಟ್ರು ಅಲ್ಲಿಗೆ ಮುಟ್ಟಲಿಲ್ಲ.

ಈಗ ಅದು ನನ್ನ ಕೈಯಲ್ಲೂ ಇಲ್ಲ. ಕೊಲ್ಲಿಯ ಒಂದು ಪತ್ರಿಕೆಯವನು ಮೇಕೆಯನ್ನು ಹಿಡಿದುಕೊಂಡು, ನೋಡಿ, ದಕ್ಷಿಣದ ಜನಕ್ಕೆ ಈ ಯುದ್ಧ ಬೇಕಿರಲಿಲ್ಲ ಎಂದು ಬರೆದ. ದಮಾಸ್ಕಸಿನವನು, ಈ ಮೇಕೆಯನ್ನು ಯಾವುದೋ ರಾಯಭಾರಿ ಕಚೇರಿಯಲ್ಲಿ ಸಾಕಿದ್ದಾರೆ ಎಂದ. ಕೈರೋದ ಒಬ್ಬ ಮಹಾನುಭಾವ ಅರಬರ ಚರಿತ್ರೆಯಲ್ಲಿ ಮೇಕೆಯ ಸ್ಥಾನದ ಬಗ್ಗೆ ಪೂರ್ತಿ ಪುಟ ಬರೆದಿದ್ದಾನೆ. ಇಲ್ಲೇ ಪಕ್ಕದ ಬೀದಿಯ ಪತ್ರಿಕೆ ನನ್ನನ್ನು ಮಾರಿಕೊಂಡವನು ಎಂದಿತು. ಮೊದಲಾಗಿದ್ದರೆ ಇದೆಲ್ಲ ಕತ್ತರಿಸಿ ಕಡತದಲ್ಲಿ ಇಟ್ಟುಕೊಳ್ಳುತ್ತಿದ್ದೆ. ಈಗ ಪ್ರತಿ ಸಲ ಆ ಪದ ಕಂಡಾಗ ಅಂಗಡಿಯಲ್ಲಿ ಕೂಗಿದವನ ಸದ್ದೇ ಕೇಳುತ್ತದೆ.

ಸಂಪಾದಕರ ಹತ್ತಿರ ಮಾತಾಡಿದ್ದೇನೆ. ನಿನ್ನ ಉತ್ತರ ಬಂದ ಮೇಲಿನ ಶನಿವಾರ ಅದೇ ಜಾಗದಲ್ಲಿ ಕ್ಷಮೆ ಕೇಳಿ ಬರೆಯುತ್ತೇನೆ. ಅವನು ರೊಟ್ಟಿಗೇ ಹೋದ ಎಂದು ಬರೆಯುತ್ತೇನೆ. ನೀನು ಹೂಂ ಅನ್ನು ಸಾಕು.

ಮುನೀಫ್


ಕಫ್ರ್ ಲೌಝ್
ನವೆಂಬರ್ 18, 2006

ಮುನೀಫನಿಗೆ,

ಹೂಂ ಅನ್ನುವುದಿಲ್ಲ.

ನೀನು ಬರೆದರೆ ಮೇಷ್ಟ್ರು ಮತ್ತೆ ಓದಬೇಕು, ಜನ ಮತ್ತೆ ನಿಂತು ಕೇಳಬೇಕು, ಕೈರೋದವನು ಇನ್ನೊಂದು ಪುಟ ಬರೆಯಬೇಕು. ನಿನಗೆ ಎಲ್ಲಕ್ಕೂ ಒಂದೇ ಔಷಧ ಗೊತ್ತು, ಅರ್ಧ ಪುಟ. ತಪ್ಪು ಮಾಡಿದ್ದು ನಝೀರೆಗೆ, ಊರಿಗಲ್ಲ. ಅವಳ ಮನೆಗೆ ಬಾಗಿಲಿದೆ. ಬಾಂಬಿಗೂ ಬೀಳದ ಬಾಗಿಲು. ಬಂದು ತಟ್ಟು.

ಅವಳು ಈಗ ಬೇಕರಿಗೂ ಬರುವುದಿಲ್ಲ. ಒಲೆ ಹಚ್ಚಿ ಮನೆಯಲ್ಲೇ ರೊಟ್ಟಿ ಸುಟ್ಟುಕೊಳ್ಳುತ್ತಾಳೆ, ಹೊಗೆ ನೋಡಿ ಬದುಕಿದ್ದಾಳೆ ಎಂದು ತಿಳಿದುಕೊಳ್ಳುತ್ತೇನೆ. ನಾನು ಕಳಿಸಿದ ಆಲಿವ್ ಎಣ್ಣೆ ನನ್ನ ಹೊಸ್ತಿಲಿಗೇ ವಾಪಸು ಬಂತು. ಚೆಲ್ಲಿರಲಿಲ್ಲ, ಮುಚ್ಚಳ ಭದ್ರವಾಗಿ ಹಾಕಿ ಇಟ್ಟಿದ್ದಳು. ಅಷ್ಟರಲ್ಲೇ ನಾನು ಆಸೆ ಇಟ್ಟುಕೊಂಡಿದ್ದೇನೆ.

ಬಾ.

ರಬಾಬ್


ಬೈರೂತ್
ಡಿಸೆಂಬರ್ 14, 2006

ಅಕ್ಕ,

ಬರಬೇಕೆಂದೇ ಇದ್ದೇನೆ. ಇಲ್ಲಿ ಊರಿನ ನಡುವೆ ಸಾವಿರಾರು ಜನ ಡೇರೆ ಹಾಕಿಕೊಂಡು ಕೂತಿದ್ದಾರೆ, ಸರ್ಕಾರ ಇಳಿಯುವವರೆಗೆ ಏಳುವುದಿಲ್ಲವಂತೆ. ಯಾವಾಗ ಏನು ಆಗುತ್ತದೋ ಗೊತ್ತಿಲ್ಲ. ಇಂಥ ಹೊತ್ತಿನಲ್ಲಿ ಪತ್ರಿಕೆ ಬಿಟ್ಟು ಬಂದರೆ ಸಂಪಾದಕರು ಬಿಡುವುದಿಲ್ಲ. ಜೊತೆಗೆ ನನಗೆ ಎದೆಯ ಕೆಮ್ಮು. ಹಬ್ಬ ಕಳೆಯಲಿ, ಹೊಸ ವರ್ಷಕ್ಕೆ ನೋಡೋಣ.

ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ, ಎರಡು ಜೊತೆ. ಒಂದನ್ನು ನಝೀರಕ್ಕನಿಗೆ ಹೇಗಾದರೂ ಮುಟ್ಟಿಸು.

ಮುನೀಫ್


ಕಫ್ರ್ ಲೌಝ್
ಜನವರಿ 31, 2007

ಮುನೀಫನಿಗೆ,

ಮೊಹರಂ ಶೋಕದ ಆಶೂರಾ ಮುಗಿಯಿತು. ಹತ್ತು ದಿನವೂ ಹೆಂಗಸರೆಲ್ಲ ಕೂತು ಅತ್ತೆವು. ಪ್ರತಿ ವರ್ಷ ನಾನೂ ನಝೀರೆಯೂ ಒಂದೇ ಚಾಪೆಯ ಮೇಲೆ ಕೂರುತ್ತಿದ್ದೆವು, ಅವಳ ಕಣ್ಣೀರು ಮೊದಲು ಬರುತ್ತಿತ್ತು, ನನಗೆ ತಡ, ಅವಳು ಮೊಣಕೈಯಲ್ಲಿ ತಿವಿಯುತ್ತಿದ್ದಳು. ಈ ವರ್ಷ ಅವಳು ಆ ಗೋಡೆಗೆ, ನಾನು ಈ ಗೋಡೆಗೆ. ಅವಳು ಅಳಲಿಲ್ಲ. ಹತ್ತು ದಿನವೂ ಅಳಲಿಲ್ಲ, ಮಗ ಸತ್ತ ವರ್ಷದಲ್ಲಿ.

ನನಗೆ ಅರವತ್ತಮೂರು, ಅವಳಿಗೆ ಅರವತ್ತೈದು. ಸಿಟ್ಟು ತೀರಿಸಿಕೊಂಡು ರಾಜಿಯಾಗಲು ನಮಗೆ ಎಷ್ಟು ಚಳಿಗಾಲ ಉಳಿದಿವೆ ಎಂದುಕೊಂಡಿದ್ದೀಯ? ನೀನು ಪ್ರತಿ ಮಂಗಳವಾರ ದೇಶದೇಶಗಳಿಗೆ ಎದುರುಬದುರು ಕೂತು ಮಾತಾಡಿ ಎಂದು ಬರೆಯುತ್ತೀಯ. ಕಾಲುಚೀಲ ಕಳಿಸುತ್ತೀಯ. ನನ್ನ ಮುಖ ನೋಡಲು ಯಾಕೆ ಹೆದರುತ್ತೀಯ ಎಂದು ನನಗೆ ಗೊತ್ತಿಲ್ಲ, ಕೇಳುವುದೂ ಇಲ್ಲ.

ಎರಡೂ ಜೊತೆ ನಾನೇ ಹಾಕಿಕೊಳ್ಳುತ್ತಿದ್ದೇನೆ.

ರಬಾಬ್


ಬೈರೂತ್
ಫೆಬ್ರವರಿ 6, 2007

ಅಕ್ಕ,

ಕೇಳುವುದಿಲ್ಲ ಎಂದೆ, ಆದರೂ ಹೇಳುತ್ತೇನೆ.

ಯುದ್ಧದ ಮೂವತ್ತಮೂರು ದಿನವೂ ನಾನು ಬೈರೂತಿನಲ್ಲಿ ಇರಲಿಲ್ಲ. ಎರಡನೇ ದಿನವೇ ಬೆಟ್ಟದ ಮೇಲಿನ ಒಬ್ಬ ಗೆಳೆಯನ ಮನೆಗೆ ಹೋದೆ. ಅಲ್ಲಿ ಪೈನ್ ಮರದ ನೆರಳು, ಕರೆಂಟು, ತಣ್ಣನೆಯ ಕಲ್ಲಂಗಡಿ ಹಣ್ಣು ಎಲ್ಲ ಇತ್ತು. ಮೊಗಸಾಲೆಯಲ್ಲಿ ಕೂತು, ಮೇಲೆ ಬೈರೂತ್ ಎಂದು ಬರೆದು, ಕಿಟಕಿ ನಡುಗುತ್ತಿದೆ, ಪಕ್ಕದ ಮನೆಯ ಮಗು ಅಳುತ್ತಿದೆ ಎಂದೆಲ್ಲ ಬರೆದು ಫ್ಯಾಕ್ಸ್ ಮಾಡಿದೆ. ಜನ ಅದನ್ನು ಓದಿ ಧೈರ್ಯ ಬಂತು ಎಂದು ಪತ್ರ ಬರೆದರು. ಅಂಕಣ ತಪ್ಪಿಸಿಲ್ಲ ಎಂದು ನೀನೂ ಬರೆದಿದ್ದೆ.

ಊರಿಗೆ ಬಂದರೆ ಯಾರಾದರೂ, ನೀನೆಲ್ಲಿದ್ದೆ ಆಗ ಎಂದು ಕೇಳುತ್ತಾರೆ. ಅದಕ್ಕೆ ಹೆದರಿದೆ. ಸುಳ್ಳು ಹೇಳಲು ಕಾಗದದ ಮೇಲೆ ಬರುತ್ತದೆ, ಬಾಯಲ್ಲಿ ಬರುವುದಿಲ್ಲ.

ಶುಕ್ರವಾರ ಬರುತ್ತಿದ್ದೇನೆ. ಅಬು ಶಾಕಿರನಿಗೆ ಮುಂದಿನ ಸೀಟು ಹೇಳಿದ್ದೇನೆ. ದಾರಿಯಲ್ಲಿ ಟೈರಿನ ವಿಷಯ ಕೇಳಿಕೊಂಡು ಬರುತ್ತೇನೆ.

ಮುನೀಫ್


ಬೈರೂತ್
ಫೆಬ್ರವರಿ 20, 2007

ಅಕ್ಕ,

ಚೆನ್ನಾಗಿ ತಲುಪಿದೆ. ನೀನು ಕಟ್ಟಿಕೊಟ್ಟ ಉಪ್ಪಿನಕಾಯಿಯ ಸೀಸೆ ಸೋರಿ ನನ್ನ ಹೊಸ ಅಂಗಿಯಿಂದ ಬೆಳ್ಳುಳ್ಳಿ ವಾಸನೆ ಹೋಗುತ್ತಿಲ್ಲ. ನೀನು ಕತ್ತು ಹಿಡಿದು ಅತ್ತದ್ದಕ್ಕೆ ಕಾಲರು ಮೊದಲೇ ಹಾಳಾಗಿತ್ತು, ಇರಲಿ.

ನಝೀರಕ್ಕ ನಿನ್ನನ್ನು ಹೊರಗೆ ಕಳಿಸಿದ ಮೇಲೆ ಏನಾಯಿತು ಎಂದು ನೀನು ಕೇಳಲಿಲ್ಲ. ಮನೆಗೆ ಮರಳುವ ದಾರಿಯುದ್ದಕ್ಕೂ ನೀನು ತುಟಿ ಕಚ್ಚಿಕೊಂಡೇ ಇದ್ದೆ, ನಾನು ನೋಡಿದೆ. ಹೇಳಬಹುದಾದಷ್ಟನ್ನು ಬರೆಯುತ್ತೇನೆ.

ನಝೀರಕ್ಕ ಕಹಿ ಕಾಫಿ ತಂದುಕೊಟ್ಟಾಗ ನಾನು ಬಟ್ಟಲನ್ನು ಕುಡಿಯದೆ ನೆಲದ ಮೇಲಿಟ್ಟೆನಲ್ಲ. ಹಾಗಿಟ್ಟರೆ ಮನೆಯವರು, ಏನು ಬೇಡಿ ಬಂದೆ, ಹೇಳು, ಕೊಟ್ಟೆ, ಕುಡಿ ಎನ್ನಬೇಕು. ಅದೇ ಪದ್ಧತಿ, ಅಪ್ಪ ಎಷ್ಟು ಜಗಳ ಹೀಗೆ ಬಿಡಿಸಿಲ್ಲ. ಅವಳು ಏನೂ ಕೇಳಲಿಲ್ಲ. ಒಲೆಗೆ ಸೌದೆ ಇಟ್ಟಳು. ಚಾಪೆ ಕೊಡವಿದಳು. ನಿನಗೆ, ನೀನು ಹೊರಗೆ ಹೋಗು ಎಂದಳು. ಆಮೇಲೂ ಕೇಳಲಿಲ್ಲ. ಮಧ್ಯಾಹ್ನದ ಪ್ರಾರ್ಥನೆಯ ಕರೆ ಬಂತು, ಎದ್ದು ಪ್ರಾರ್ಥನೆ ಮಾಡಿ ಬಂದಳು. ಕಾಫಿ ತಣ್ಣಗಾಗಿ ಮೇಲೆ ಪೊರೆಗಟ್ಟಿತ್ತು. ನನ್ನ ಕಾಲು ಜೋಮು ಹಿಡಿದಿತ್ತು, ಅಲುಗಾಡಲು ಹೆದರಿಕೆ. ಆಮೇಲೆ ಬಟ್ಟಲೆತ್ತಿ ಕಿಟಕಿಯಿಂದ ಹೊರಗೆ ಚೆಲ್ಲಿ, ಬಿಸಿಯದು ಬಗ್ಗಿಸಿದಳು.

"ರಬಾಬ್ ಜೊತೆ ರಾಜಿ ಮಾಡ್ಕೋ ಅಂತ ಕೇಳೋಕೆ ಬಂದಿದ್ರೆ ಎದ್ದು ಹೋಗು. ಅದು ನನಗೂ ಅವಳಿಗೂ ಸೇರಿದ್ದು. ನಿನಗೆ ಅಂತ ಏನು ಬೇಕು, ಅದು ಕೇಳು."

ನಾನು ಅದನ್ನೇ ಕೇಳಲು ಬಂದಿದ್ದೆ, ಅಕ್ಕ. ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತೆಲ್ಲ ಅಲ್ಲೇ ಹೋಯಿತು. ಕ್ಷಮಿಸು ಎಂದೆ. ಬೆಟ್ಟದ ಮೇಲಿದ್ದದ್ದನ್ನೂ ಹೇಳಿದೆ. ನೀನೂ ಬಚ್ಚಿಟ್ಟುಕೊಂಡವನೇ ಹಾಗಾದರೆ ಎಂದಳು ಅವಳು. ಆಮೇಲೆ ಒಂದು ವಿಷಯ ಹೇಳಿದಳು. ಜವಾದ್ ಯಾಕೆ ತಿರುಗಿ ಹೋದ ಎಂಬುದು. ಮೇಕೆಗಲ್ಲ. ರೊಟ್ಟಿಗೂ ಅಲ್ಲ. ಇಲ್ಲಿಗೆ ನಿಲ್ಲಿಸುತ್ತೇನೆ. ನೀನು ಕೇಳಿದರೂ ಹೇಳುವುದಿಲ್ಲ. ಮೂವತ್ತು ವರ್ಷದಲ್ಲಿ ಗೊತ್ತಿದ್ದೂ ನಾನು ಬರೆಯದಿರುವ ಮೊದಲ ವಿಷಯ ಇದು.

ಹೇಳಿ ಮುಗಿಸಿ, ಕುಡಿ ಎಂದಳು. ಕುಡಿದೆ.

ಈ ವಾರ ಅಂಕಣ ಕೊಡಲಿಲ್ಲ. ನನ್ನ ಜಾಗದಲ್ಲಿ ನೀರಿನ ಟ್ಯಾಂಕಿನ ಜಾಹೀರಾತು ಬಂದಿದೆ. ಇಬ್ಬರು ಓದುಗರು ಫೋನ್ ಮಾಡಿ ಟ್ಯಾಂಕು ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರಂತೆ. ನನ್ನ ಅಂಕಣಕ್ಕೆ ಇಷ್ಟು ಉಪಯೋಗದ ಫೋನು ಎಂದೂ ಬಂದಿರಲಿಲ್ಲ.

ನಿನ್ನ ತಮ್ಮ
ಮುನೀಫ್


ಕಫ್ರ್ ಲೌಝ್
ಮಾರ್ಚ್ 9, 2007

ಮುನೀಫಾ, ನಾನು ನಝೀರೆ ಹೇಳಿ ಬರೆಸ್ತಾ ಇರೋದು.

ನನಗೆ ಅಕ್ಷರ ಬರಲ್ಲ ಅಂತ ನಿನಗೆ ಗೊತ್ತು. ಬರೀತಾ ಇರೋಳು ನಿನ್ನ ಅಕ್ಕ. ಹೇಳಿದ್ದನ್ನೇ ಬರೀಬೇಕು, ಚಂದ ಮಾಡೋಕೆ ಹೋಗ್ಬಾರದು ಅಂತ ಆಣೆ ಮಾಡಿಸ್ಕೊಂಡಿದೀನಿ. ನಿಮ್ಮ ಮನೆತನಕ್ಕೇ ಆ ಕಾಯಿಲೆ ಇದೆ.

ನೀನು ಹೋದ್ಮೇಲೆ ಇವಳು ದಿನಾ ಬಂದ್ಲು. ಬೇಳೆ ಸಾರು ಬಾಗಿಲ ಹತ್ರ ಇಡ್ತಿದ್ಲು, ಹತ್ತು ನಿಮಿಷ ಮೆಟ್ಟಿಲ ಮೇಲೆ ಕೂತ್ಕೋತಿದ್ಲು, ಹೋಗ್ತಿದ್ಲು. ಏನೂ ಕೇಳ್ಲಿಲ್ಲ. ನೀನು ಇವಳಿಗೆ ಬಾಯಿ ಬಿಟ್ಟಿಲ್ಲ ಅಂತ ನನಗೆ ಅದ್ರಲ್ಲೇ ಗೊತ್ತಾಯ್ತು. ಇವಳ ಹೊಟ್ಟೇಲಿ ಇದ್ದದ್ದು ಮುಖದಲ್ಲಿ ಕಾಣುತ್ತೆ. ಅದಕ್ಕೇ ನೆನ್ನೆ ಒಳಗೆ ಕರೆದೆ. ನಾನೇ ಹೇಳ್ದೆ. ಈಗ ನಿನಗೆ ಹೇಳಿದ್ದನ್ನೇ ಇನ್ನೊಂದ್ಸಲ ಕಾಗದದ ಮೇಲೆ ಹಾಕಿಸ್ತೀನಿ. ಎಲ್ಲಾದ್ರೂ ಒಂದು ಕಡೆ ನಿಜ ಇರ್ಲಿ.

ಆ ದಿನ ಓಡೋ ಗಡಿಬಿಡೀಲಿ ನನ್ನ ಹಲ್ಲಿನ ಸೆಟ್ಟು ಲೋಟದಲ್ಲೇ ಬಿಟ್ಟು ಬಂದಿದ್ದೆ. ಶಾಲೆ ತುಂಬ ಗುರುತಿಲ್ಲದ ಜನ, ಗಂಡಸರು ಹೆಂಗಸರು ಎಲ್ಲ. ತಲೆವಸ್ತ್ರ ಬಾಯಿಗೆ ಎಳ್ಕೊಂಡು ಕೂತೆ. ಜವಾದ್ ರೊಟ್ಟಿ ತಂದ್ಕೊಟ್ಟ, ತಿನ್ನಮ್ಮ ಅಂದ. ಆಗ್ಲಿಲ್ಲ. ಯಾಕಮ್ಮ ಅಂತ ಪಕ್ಕದಲ್ಲಿ ಬಂದು ಕೂತ. ಕಿವೀಲಿ ಹೇಳ್ದೆ. ಇಷ್ಟೇನಾ, ಅರ್ಧ ಗಂಟೇಲಿ ತರ್ತೀನಿ ಅಂದ. ನಾನು ಬೇಡ ಅನ್ಲಿಲ್ಲ. ಒಂದ್ಸಲ ಬೇಡ ಅಂದಿದ್ರೆ ಸಾಕಿತ್ತು. ಜನರ ಮುಂದೆ ಬೊಚ್ಚುಬಾಯಿ ತೋರಿಸೋಕೆ ನಾಚಿಕೆ ಆಯ್ತು ಅಂತ ಮಗನ್ನ ಕಳಿಸ್ದೆ.

ನಿನ್ನ ಅಕ್ಕ ಇಲ್ಲಿ ಪೆನ್ನು ಕೆಳಗಿಟ್ಲು. ಬರಿ ಅಂದೆ.

ಬಾಗಿಲಲ್ಲಿ ಈ ಹೆಂಗಸರೆಲ್ಲ ಎಲ್ಲಿಗೆ ಅಂತ ಕೇಳಿದ್ರಲ್ಲ, ಅವನು ತಿರುಗಿ ನನ್ನ ಮುಖ ನೋಡ್ದ. ಮೇಕೆಗೆ ಅಂದ. ಮೇಕೆನ ಹೊರಡೋ ಮೊದಲೇ ಅವನೇ ಹಗ್ಗ ಬಿಚ್ಚಿ ಗುಡ್ಡಕ್ಕೆ ಓಡಿಸಿದ್ದ. ನಾನು ಕಣ್ಣಾರೆ ನೋಡಿದೀನಿ. ನನ್ನ ಮಾನ ಉಳೀಲಿ ಅಂತ, ತಾನು ನಗೆಪಾಟಲಾದ್ರೂ ಪರವಾಗಿಲ್ಲ ಅಂತ ಹಾಗಂದ.

ಅವನು ಸತ್ತ ಅಂತ ಬಂದು ಹೇಳ್ದಾಗ, ಯಾಕೆ ಹೋಗಿದ್ದ ಅಂತ ಯಾರೋ ಕೇಳಿದ್ರು. ರೊಟ್ಟಿಗೆ ಅಂತ ನನ್ನ ಬಾಯಿಂದ ಬಂತು. ಮೇಕೆ ಅಂದ್ರೆ ಜನ ನಗ್ತಾರೆ, ನಿಜ ಅಂದ್ರೆ ನನ್ನನ್ನ ಬೈತಾರೆ. ರೊಟ್ಟಿ ಅಂದ್ರೆ ಕೈಮುಗೀತಾರೆ. ಚಿತ್ರದ ಕೆಳಗೆ ಹಾಕಿದ್ರು. ನಾನೂ ಸುಮ್ನಿದ್ದೆ. ನೀನು ಪೇಪರಲ್ಲಿ ಮೇಕೆ ಅಂತ ಹಾಕ್ದಾಗ ನನಗೆ ಅನ್ಸಿದ್ದು ಇಷ್ಟೇ, ಇವನು ಇನ್ನೊಂದು ಹೆಜ್ಜೆ ಮುಂದೆ ಬಂದ್ರೆ ಲೋಟದ ಹತ್ರ ಬರ್ತಾನೆ.

ನೀನು ಮತ್ತೆ ಬರೆದು ಸರಿ ಮಾಡ್ತೀನಿ ಅಂದಿದ್ಯಂತೆ. ಮಾಡ್ಬೇಡ. ಇವತ್ತು ಬೆಳಿಗ್ಗೆ ರಬಾಬ್ ಕೈ ಹಿಡ್ಕೊಂಡು ಹಾತಿಮನ ಅಂಗಡಿಗೆ ಹೋದೆ. ಮೇಷ್ಟ್ರು ಇದ್ರು, ಎಲ್ರೂ ಇದ್ರು. ನನ್ನ ಮಗ ಮೇಕೆಗೇ ಹೋಗಿದ್ದ, ರೊಟ್ಟಿಗಲ್ಲ, ಚಿತ್ರದಲ್ಲಿರೋದು ಅಳಿಸಿ ಅಂದೆ. ಒಬ್ರೂ ನಗ್ಲಿಲ್ಲ. ಹಾತಿಮ ಅಕ್ಟೋಬರಿನಿಂದ ಇಟ್ಕೊಂಡಿದ್ದ ಹಾಗೆ ರವೆ ಪೊಟ್ಟಣ ತಂದು ಮುಂದಿಟ್ಟ.

ನಿನ್ನನ್ನ ಯಾರಾದ್ರೂ ಕೇಳಿದ್ರೆ ನೀನೂ ಮೇಕೆ ಅನ್ನು. ಪೇಪರಿನವರು ಕೇಳಿದ್ರೂ ಮೇಕೆ, ನಾಳೆ ನಾನು ಸತ್ಮೇಲೆ ಕೇಳಿದ್ರೂ ಮೇಕೆ. ನನ್ನ ಮಗ ನನಗೋಸ್ಕರ ಆಡಿದ ಕೊನೇ ಮಾತು ಅದು. ನಾನು ಅದನ್ನ ಕಿತ್ತು ರೊಟ್ಟಿ ಇಟ್ಟಿದ್ದೆ. ಅವನು ಹೇಳಿದ್ದು ಹೇಳಿದ ಹಾಗೇ ಇರ್ಲಿ.

ಜವಾದನ ತಾಯಿ
ನಝೀರೆ